ಜೈಲು ಮುಚ್ಚಬೇಡಿ ಎಂದ ಊರು

ನಮ್ಮ ಕಾರಿನ ನಂಬರ್ ಪ್ಲೇಟ್ ಯಾರು ಮಾಡಿದ್ದು ಅಂತ ನನಗೆ ಗೊತ್ತಾಗಿದ್ದು ಕ್ಯಾಲಿಫೋರ್ನಿಯಾಕ್ಕೆ ಬಂದು ಆರು ವರ್ಷ ಆದ ಮೇಲೆ.

ನಾವಿರುವುದು ಫೋಲ್ಸಮ್‌ನಲ್ಲಿ. ಸ್ಯಾಕ್ರಮೆಂಟೊ ಪಕ್ಕದ ಊರು. ಇಂಟೆಲ್ ಕಂಪನಿಯ ದೊಡ್ಡ ಕ್ಯಾಂಪಸ್ ಇಲ್ಲಿರುವುದರಿಂದ ನಮ್ಮ ಕಡೆಯ ಜನ ಬೇಕಾದಷ್ಟು ಇದ್ದಾರೆ. ಸಂಜೆ ವಾಕಿಂಗ್ ಹೊರಟರೆ ಕನ್ನಡ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತದೆ. ಅದೇ ಊರಿನ ಅಂಚಿನಲ್ಲಿ, ನದಿ ಪಕ್ಕ, 1880ರಲ್ಲಿ ಶುರುವಾದ ಫೋಲ್ಸಮ್ ಜೈಲಿದೆ. ದಪ್ಪ ಕಲ್ಲಿನ ಗೋಡೆ. ಹತ್ತಿರದಲ್ಲೇ ಸೈಕಲ್ ದಾರಿ. ನನ್ನ ಮಗಳು ಸೈಕಲ್ ಕಲಿತಿದ್ದು ಆ ದಾರಿಯಲ್ಲಿ. ಕ್ಯಾಲಿಫೋರ್ನಿಯಾದ ಗಾಡಿಗಳ ನಂಬರ್ ಪ್ಲೇಟ್‌ಗಳು ತಯಾರಾಗುವುದು ಆ ಗೋಡೆಯ ಒಳಗೆ, ಕೈದಿಗಳ ಕೈಯಲ್ಲಿ.

ಆ ಜೈಲಿಗೆ ಜಾಗ ಬಂದಿದ್ದು ಒಂದು ಖಾಸಗಿ ಕಂಪನಿಯಿಂದ. ಬದಲಿಗೆ ಅದು ಕೇಳಿದ್ದು ಕೈದಿಗಳ ದುಡಿಮೆಯನ್ನು. ಆ ದುಡಿಮೆಯಿಂದ ಅಣೆಕಟ್ಟು, ಕಾಲುವೆ ಆಯಿತು. 1895ರಲ್ಲಿ ಇಲ್ಲಿಂದ 35 ಕಿಲೋಮೀಟರ್ ದೂರದ ಸ್ಯಾಕ್ರಮೆಂಟೊಗೆ ಕರೆಂಟ್ ಹೋಯಿತು. ಆ ಹಳೆಯ ಪವರ್‌ಹೌಸ್ ನೋಡಲು ಹೋದಾಗ ನನಗೆ ನೆನಪಾಗಿದ್ದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೆಜಿಎಫ್‌ಗೆ ಕರೆಂಟ್ ಬಂದ ಕಥೆಯನ್ನು ನಮ್ಮ ಮಾವ ನೂರು ಸಲ ಹೇಳಿದ್ದರು. ಅವರು ಚಿನ್ನದ ಗಣಿಯಲ್ಲಿದ್ದವರು. ನನ್ನ ಬೇಸಿಗೆ ರಜೆಗಳೆಲ್ಲ ಕಳೆದಿದ್ದು ಅವರ ಮನೆಯಲ್ಲಿ. ಈ ಬರಹದಲ್ಲಿ ಅವರು ಮತ್ತೆ ಬರುತ್ತಾರೆ.

ಫೋಲ್ಸಮ್‌ಗೆ ಜೈಲು ಬಿಟ್ಟು ಬೇರೆ ಆಸರೆ ಸಿಕ್ಕಿತು. ಹಾಗಾಗಿ ಇಲ್ಲಿ ಇರುವವರಿಗೆ ಜೈಲು ಅಂದರೆ ರಸ್ತೆ ಪಕ್ಕದ ಒಂದು ಗೋಡೆ ಅಷ್ಟೆ. ಆಸರೆ ಸಿಗದ ಊರು ಹೇಗಿರುತ್ತದೆ ಅಂತ ನಾನು ನೋಡಿದ್ದು ಸೂಸನ್‌ವಿಲ್‌ನಲ್ಲಿ.

2019ರ ಆಗಸ್ಟ್‌ನಲ್ಲಿ ಲ್ಯಾಸೆನ್ ಜ್ವಾಲಾಮುಖಿ ಪಾರ್ಕ್ ನೋಡಿಕೊಂಡು ಆ ಕಡೆಯಿಂದ ಇಳಿದೆವು. ರಾಜ್ಯದ ಈಶಾನ್ಯ ಮೂಲೆ ಅದು. ಪೈನ್ ಕಾಡು ಮುಗಿದು ಒಣ ಬಯಲು ಶುರುವಾಗುವ ಜಾಗ. ಹೆದ್ದಾರಿಯೇ ಊರೊಳಗೆ ಬಂದು ಮೇನ್ ಸ್ಟ್ರೀಟ್ ಆಗುತ್ತದೆ. ಶುಕ್ರವಾರ ರಾತ್ರಿ. ಎರಡು ಮೋಟೆಲ್‌ಗಳಲ್ಲಿ ರೂಮ್ ಇಲ್ಲ ಅಂದರು. ಮೂರನೆಯದರಲ್ಲಿ ಸಿಕ್ಕಿತು. ಗುಜರಾತಿನ ದಂಪತಿ ನಡೆಸುತ್ತಿದ್ದ ಮೋಟೆಲ್. ಇಷ್ಟು ಚಿಕ್ಕ ಊರಿನಲ್ಲಿ ಯಾಕಿಷ್ಟು ರಶ್ ಅಂತ ಕೇಳಿದೆ. ಆಕೆ ರಿಜಿಸ್ಟರ್‌ನಿಂದ ತಲೆ ಎತ್ತದೆ, "ವಾರದ ಕೊನೆ ಅಲ್ವಾ, ಜೈಲಿಗೆ ಬರುವವರು" ಅಂದರು.

ಊರಿನ ಪೂರ್ವಕ್ಕೆ ಆಗ ಎರಡು ಜೈಲುಗಳಿದ್ದವು. ಒಂದು 1963ರದ್ದು, ಕ್ಯಾಲಿಫೋರ್ನಿಯಾ ಕರೆಕ್ಷನಲ್ ಸೆಂಟರ್. ಊರವರು ಸಿಸಿಸಿ ಅನ್ನುತ್ತಾರೆ. ಇನ್ನೊಂದು 1995ರಲ್ಲಿ ಪಕ್ಕದಲ್ಲೇ ತೆರೆದ ಹೈ ಡೆಸರ್ಟ್ ಜೈಲು. ಜನಗಣತಿಯ ಲೆಕ್ಕದಲ್ಲಿ ಸೂಸನ್‌ವಿಲ್‌ಗೆ ಹದಿನಾರು ಹದಿನೇಳು ಸಾವಿರ ಜನ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಕಂಬಿಯ ಹಿಂದೆ ಇದ್ದವರು.

ಬೆಳಗ್ಗೆ ತಿಂಡಿಯ ಮೇಜಿನಲ್ಲಿ ನಮ್ಮ ಎದುರು ಒಬ್ಬ ಅಜ್ಜಿ, ಜೊತೆಗೆ ಹತ್ತು ವರ್ಷದ ಮೊಮ್ಮಗ. ಲಾಸ್ ಏಂಜಲಿಸ್ ಕಡೆಯವರು. ಅಲ್ಲಿಂದ ಇಲ್ಲಿಗೆ ಸುಮಾರು 900 ಕಿಲೋಮೀಟರ್. ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದಿದ್ದರು. ಮೇಜಿನ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ. ಅದರ ತುಂಬ ಒಂದು ಡಾಲರ್ ನೋಟುಗಳು. ಭೇಟಿ ಕೋಣೆಯಲ್ಲಿ ಮಗನಿಗೆ ಏನಾದರೂ ತಿನ್ನಿಸಬೇಕಾದರೆ ಅಲ್ಲಿನ ಮೆಷಿನ್‌ನಿಂದಲೇ ಕೊಳ್ಳಬೇಕು, ಮನೆಯಿಂದ ಮಾಡಿಕೊಂಡು ಹೋಗುವ ಹಾಗಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದು ಕಿಟಕಿಯ ಹತ್ತಿರ ಬೆಳಕಿಗೆ ನಿಂತರು. ನನ್ನನ್ನು ಕರೆದು, "ಈ ಪ್ಯಾಂಟ್ ನಿನ್ನ ಕಣ್ಣಿಗೆ ಹಸಿರು ಕಾಣುತ್ತದಾ, ಕಂದು ಕಾಣುತ್ತದಾ?" ಅಂತ ಕೇಳಿದರು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ನೀಲಿ ಜೀನ್ಸ್ ಹಾಕಿಕೊಂಡು ಹೋಗುವ ಹಾಗಿಲ್ಲ, ಅದು ಕೈದಿಗಳ ಬಟ್ಟೆಯ ಹಾಗೆ ಕಾಣುತ್ತದೆ. ಕಡು ಹಸಿರು ಪ್ಯಾಂಟಿಗೆ ತಿಳಿ ಕಂದು ಅಂಗಿ ಹಾಕಿಕೊಂಡರೂ ಒಳಗೆ ಬಿಡುವುದಿಲ್ಲ, ಅದು ಗಾರ್ಡ್‌ಗಳ ಬಟ್ಟೆಯ ಹಾಗೆ. 900 ಕಿಲೋಮೀಟರ್ ಬಂದು ಪ್ಯಾಂಟಿನ ಬಣ್ಣಕ್ಕೆ ವಾಪಸ್ ಹೋಗಬೇಕಾದರೆ? ನಾನು ಕಂದು ಅಂದೆ. ನಿಜವಾಗಿ ಕಂದೇ ಇತ್ತು. ಆದರೂ ಅವರು ರೂಮಿಗೆ ಹೋಗಿ ಕಪ್ಪು ಪ್ಯಾಂಟ್ ಹಾಕಿಕೊಂಡು ಬಂದರು. ಮೊಮ್ಮಗ ಅಷ್ಟೂ ಹೊತ್ತು ಚೀಲದೊಳಗಿನ ನೋಟು ಎಣಿಸುತ್ತ ಕೂತಿದ್ದ.

ಅವರು ಕೊಟ್ಟ ರೂಮಿನ ಬಾಡಿಗೆ, ತುಂಬಿಸಿಕೊಂಡ ಪೆಟ್ರೋಲ್, ಸಂಜೆ ಮಗುವಿಗೆ ಕೊಡಿಸುವ ಪಿಜ್ಜಾ, ಎಲ್ಲವೂ ಸೂಸನ್‌ವಿಲ್‌ನ ಆದಾಯ. ಜೈಲಿನಿಂದ ಊರು ನಡೆಯುತ್ತದೆ ಅಂದಾಗ ಎಲ್ಲರೂ ಗಾರ್ಡ್‌ಗಳ ಸಂಬಳದ ಮಾತಾಡುತ್ತಾರೆ. ಈ ಅಜ್ಜಿಯ ದುಡ್ಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು ವರ್ಷ ಕಳೆಯಿತು. 2021ರ ಏಪ್ರಿಲ್‌ನಲ್ಲಿ ಸಿಸಿಸಿಯನ್ನು ಮುಚ್ಚುವುದಾಗಿ ಸರ್ಕಾರ ಹೇಳಿತು. ಒಂದು ಸಾವಿರಕ್ಕೂ ಹೆಚ್ಚು ಕೆಲಸ ಅಲ್ಲಿದ್ದವು. ಒಳಗಿನವರನ್ನು ಬಿಟ್ಟರೆ ಊರಿನಲ್ಲಿ ಹತ್ತು ಸಾವಿರದ ಆಸುಪಾಸು ಜನ. ಅಷ್ಟು ಚಿಕ್ಕ ಊರಿಗೆ ಸಾವಿರ ಕೆಲಸ ಅಂದರೆ ಏನು ಅಂತ ಲೆಕ್ಕ ಹಾಕಿ. ಜೈಲು ಉಳಿಸಿ ಅಂತ ಊರು ಎದ್ದು ನಿಂತಿತು. ನಗರಸಭೆ ಕೋರ್ಟಿಗೂ ಹೋಯಿತು.

ಆಫೀಸಿನಲ್ಲಿ ಒಬ್ಬರು ಇದನ್ನು ಓದಿ, "ಎಂಥ ಜನ ಇವರು, ಜೈಲು ಬೇಕು ಅಂತ ಹೋರಾಡುತ್ತಾರಲ್ಲ" ಅಂದರು. ನನಗೆ ಹಾಗೆ ಅನ್ನಲು ಬಾಯಿ ಬರಲಿಲ್ಲ.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಮಾವ ಚಾಂಪಿಯನ್ ರೀಫ್‌ನಲ್ಲಿದ್ದರು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಕೇಜ್‌ನಲ್ಲಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತಿತ್ತು ಅನ್ನುತ್ತಿದ್ದರು. ಸೈರನ್ ಕೂಗಿದರೆ ಅತ್ತೆ ಒಲೆಯ ಮೇಲೆ ಸಾರಿಡುತ್ತಿದ್ದರು. ಸ್ಕೂಲು, ಆಸ್ಪತ್ರೆ, ಅಂಗಡಿಯ ಸಾಲ ಎಲ್ಲವೂ ಆ ಸೈರನ್ನಿನ ಲೆಕ್ಕದಲ್ಲಿ ನಡೆಯುತ್ತಿತ್ತು. ಅದು ನಿಂತ ಮೇಲೆ ಅತ್ತೆಗೆ ಎಷ್ಟೋ ದಿನ ಅಡುಗೆಯ ಹೊತ್ತೇ ಗೊತ್ತಾಗುತ್ತಿರಲಿಲ್ಲ. ಮಾವ ಬೆಳಗಿನ ಜಾವ ಎದ್ದು ರೈಲು ಹಿಡಿದು ಬೆಂಗಳೂರಿಗೆ ಹೋಗಲು ಶುರು ಮಾಡಿದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ರಾತ್ರಿ ವಾಪಸ್. ಅವರ ಹಾಗೆ ಸಾವಿರಾರು ಜನ. ಇವತ್ತಿಗೂ ಆ ಊರಿನ ದೊಡ್ಡ ಶಿಫ್ಟ್ ಅಂದರೆ ಬೆಂಗಳೂರಿನ ರೈಲು.

ಒಂದೇ ಕೆಲಸವನ್ನು ನಂಬಿದ ಊರಿನ ಭಯ ನನಗೆ ಗೊತ್ತು. ಆ ಭಯದಲ್ಲಿ ಜನ ಕೇಳುವುದು ಒಂದೇ, ನಾಳೆಗೆ ಏನು ಅಂತ. ಮಾವ ಅಗೆದಿದ್ದು ಕಲ್ಲನ್ನು. ಇಲ್ಲಿ ಊರಿನ ಸಂಬಳ ನಿಂತಿರುವುದು ಮನುಷ್ಯರ ಶಿಕ್ಷೆಯ ವರ್ಷಗಳ ಮೇಲೆ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನನಗೆ ಇವತ್ತಿಗೂ ಕಷ್ಟ.

ಸೂಸನ್‌ವಿಲ್ ಮೊದಲು ಮರದ ಊರು. ಕಾಡು, ಸಾ ಮಿಲ್, ದನದ ರ‍್ಯಾಂಚ್‌ಗಳು. 2004ರಲ್ಲಿ ದೊಡ್ಡ ಮಿಲ್ಲೂ ಮುಚ್ಚಿತು. ಅಷ್ಟರಲ್ಲಿ ಊರು ಜೈಲಿಗೆ ಒಗ್ಗಿಕೊಂಡಿತ್ತು. ಇದು ಅಮೆರಿಕದ ಎಷ್ಟೋ ಹಳ್ಳಿಗಳ ಕಥೆ. 1980ರ ಹೊತ್ತಿಗೆ ದೇಶದ ರಾಜ್ಯ ಮತ್ತು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜೈಲುಗಳಲ್ಲಿ ಸುಮಾರು 3 ಲಕ್ಷ ಜನರಿದ್ದರು. 2009ರ ಹೊತ್ತಿಗೆ ಅದು 16 ಲಕ್ಷ. ಡ್ರಗ್ಸ್ ವಿರುದ್ಧದ ಕಾನೂನುಗಳು, ಉದ್ದುದ್ದ ಶಿಕ್ಷೆಗಳು, ಕ್ಯಾಲಿಫೋರ್ನಿಯಾದಲ್ಲಿ 1994ರ ಮೂರು ತಪ್ಪಿನ ಕಾನೂನು. ಮೊದಲೇ ಎರಡು ಗಂಭೀರ ಅಪರಾಧ ಮಾಡಿದ್ದವರು ಮೂರನೇ ಸಲ ತಪ್ಪಿತಸ್ಥರಾದರೆ ಆಗ 25 ವರ್ಷದಿಂದ ಜೀವಾವಧಿ. ಇಷ್ಟು ಜನರನ್ನು ಇಡಲು ಜಾಗ ಬೇಕಲ್ಲ. ಗಣಿ, ಮಿಲ್ಲು, ಹೊಲ ಕೈಬಿಟ್ಟ ಊರುಗಳಲ್ಲಿ ಅಗ್ಗದ ಜಾಗ ಇತ್ತು. 1990ರ ದಶಕದಲ್ಲಿ ಹಳ್ಳಿಗಳಲ್ಲಿ, ಚಿಕ್ಕ ಊರುಗಳಲ್ಲಿ 245 ಜೈಲುಗಳು ಎದ್ದವು. ಸರಾಸರಿ ಹದಿನೈದು ದಿನಕ್ಕೊಂದು.

ಊರುಗಳು ಜೈಲು ಬೇಡ ಅಂದಿದ್ದೂ ಇದೆ. ಆದರೆ ಬಾ ಅಂತ ಕರೆದಿದ್ದೂ ಇದೆ. ಕೊಲೊರಾಡೊದ ಫ್ಲಾರೆನ್ಸ್ ಸುತ್ತಮುತ್ತಲಿನ ಜನ ದುಡ್ಡು ಕೂಡಿಸಿ, ಸುಮಾರು 600 ಎಕರೆ ಕೊಂಡು, ಫೆಡರಲ್ ಸರ್ಕಾರಕ್ಕೆ ಸುಮ್ನೆ ಕೊಟ್ಟರು. ಇವತ್ತು ದೇಶದ ಅತಿ ಬಿಗಿ ಕಾವಲಿನ ಜೈಲಿರುವುದು ಅಲ್ಲಿ. ಇಲಿನಾಯ್‌ನ ಥಾಮ್ಸನ್ ಅನ್ನುವ ಹಳ್ಳಿಯಲ್ಲಿ ಆರುನೂರರಷ್ಟು ಜನ. 2001ರಲ್ಲಿ ಅಲ್ಲಿ ದೊಡ್ಡ ಜೈಲು ಕಟ್ಟಿ ಮುಗಿಸಿದರು. ಆದರೆ ನಡೆಸಲು ರಾಜ್ಯದ ಹತ್ತಿರ ದುಡ್ಡಿರಲಿಲ್ಲ. ವರ್ಷಗಟ್ಟಲೆ ಅದು ಹೆಚ್ಚೂಕಡಿಮೆ ಖಾಲಿ ನಿಂತಿತ್ತು. ಕೊನೆಗೆ 2012ರಲ್ಲಿ ಫೆಡರಲ್ ಸರ್ಕಾರ 16.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೆಲಸ ಬರುತ್ತದೆ ಅಂತ ಆ ಹಳ್ಳಿ ಹತ್ತು ವರ್ಷಕ್ಕೂ ಜಾಸ್ತಿ ಆ ಖಾಲಿ ಗೋಡೆ ನೋಡುತ್ತ ಕೂತಿತ್ತು.

ಕೆಂಟಕಿಯ ಐನೆಜ್ ನನ್ನನ್ನು ಬಹಳ ಕಾಡುವ ಊರು. ಕಲ್ಲಿದ್ದಲ ಊರು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿಗೆ ಬಂದು, ಬಡವನೊಬ್ಬನ ಮನೆಯ ಜಗಲಿಯಲ್ಲಿ ಕೂತು ಬಡತನದ ವಿರುದ್ಧದ ಯುದ್ಧದ ಮಾತಾಡಿದ್ದರು. 2003ರಲ್ಲಿ ಅಲ್ಲಿ ಫೆಡರಲ್ ಜೈಲು ಬಂತು, ಹಳೆಯ ಗಣಿಯ ಜಾಗದಲ್ಲೇ. ಅಗೆದು ಅಗೆದು ಸಡಿಲವಾದ ನೆಲ. ಕಟ್ಟುವಾಗಲೇ ಕುಸಿಯತೊಡಗಿತು, ಖರ್ಚು ಏರುತ್ತ ಹೋಯಿತು. ವರ್ಜೀನಿಯಾದ ವೈಸ್ ಕೌಂಟಿಯಲ್ಲೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬೆಟ್ಟದ ತಲೆ ಕತ್ತರಿಸಿ ಕಲ್ಲಿದ್ದಲು ತೆಗೆದ ಮೇಲೆ, ಆ ಸಪಾಟು ಜಾಗದಲ್ಲಿ 1998 ಮತ್ತು 1999ರಲ್ಲಿ ಎರಡು ದೊಡ್ಡ ಜೈಲುಗಳು ಎದ್ದವು. ನಮ್ಮ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳ ಮೇಲೆ ಜೈಲು ಕಟ್ಟಿ, ಮಾವನಿಗೆ ಅಲ್ಲಿ ಯೂನಿಫಾರಂ ಕೊಟ್ಟಿದ್ದರೆ? ಅವರು ಬೇಡ ಅನ್ನುತ್ತಿದ್ದರಾ? ಮನೆಯಲ್ಲಿ ಮೂರು ಮಕ್ಕಳು ಓದುತ್ತಿದ್ದರು. ಅನ್ನುತ್ತಿರಲಿಲ್ಲ ಅಂತಲೇ ನನಗನ್ನಿಸುತ್ತದೆ.

ಆ ಬೆಟ್ಟಗಳ ಜೈಲುಗಳಿಗೆ ಕೈದಿಗಳು ಬರುವುದು ದೂರದೂರದ ನಗರಗಳಿಂದ. ಕೆಂಟಕಿಯ ವೈಟ್ಸ್‌ಬರ್ಗ್ ಅನ್ನುವ ಪುಟ್ಟ ಊರಿನಲ್ಲಿ ಒಂದು ಸಮುದಾಯ ರೇಡಿಯೋ ಇದೆ. ಸೋಮವಾರ ರಾತ್ರಿ ಅಲ್ಲೊಂದು ಕಾರ್ಯಕ್ರಮ. ಕೈದಿಗಳ ಮನೆಯವರು ಫೋನ್ ಮಾಡಿ ಸಂದೇಶ ಹೇಳುತ್ತಾರೆ, ಸುತ್ತಲಿನ ಜೈಲುಗಳಲ್ಲಿ ಅವರ ಮಕ್ಕಳು, ಗಂಡಂದಿರು ರೇಡಿಯೋ ಹಚ್ಚಿಕೊಂಡು ಕೇಳುತ್ತಾರೆ. ಹುಟ್ಟುಹಬ್ಬ ಗೊತ್ತಾಗಲಿ ಅಂತ, ಅಮ್ಮನಿಗೆ ಹುಷಾರಾಗಿದೆ ಅಂತ, ಮಗು ನಡೆಯಲು ಶುರು ಮಾಡಿತು ಅಂತ. ಅದೇ ಹೊತ್ತಿಗೆ ಆ ಕಣಿವೆಯ ಊರಿನವರಿಗೂ ಅದು ಕೇಳಿಸುತ್ತದೆ. ಗೋಡೆಯ ಒಳಗಿರುವವರನ್ನು ಒಂದು ಊರು ತನ್ನ ನೆರೆಯವರು ಅಂತ ನೋಡಿದ್ದು ಇಲ್ಲಿ. ನನಗೆ ಗೊತ್ತಿರುವಷ್ಟರಲ್ಲಿ ಅಂಥ ಉದಾಹರಣೆ ಬಹಳ ಕಡಿಮೆ.

ಇಷ್ಟೆಲ್ಲ ಮಾಡಿ ಊರುಗಳು ಉದ್ಧಾರವಾದವಾ? ಗ್ರೆಗರಿ ಹುಕ್ಸ್ ಅನ್ನುವ ಸಮಾಜಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ದೇಶದ ಕೌಂಟಿಗಳ 1969ರಿಂದ 1994ರ ವರೆಗಿನ ಉದ್ಯೋಗದ ಲೆಕ್ಕ ತೆಗೆದು ನೋಡಿದರು. ಜೈಲು ಬಂದಿದ್ದರಿಂದ ಹಳ್ಳಿಗಾಡಿನ ಕೌಂಟಿಗಳು ಬೆಳೆದವು ಅನ್ನಲು ಆಧಾರ ಸಿಗಲಿಲ್ಲ. ಮೊದಲೇ ಸೊರಗಿದ್ದ ಕೌಂಟಿಗಳಿಗೆ ಇನ್ನಷ್ಟು ಅಡ್ಡಿಯಾದ ಹಾಗೂ ಕಂಡಿತು. ಕಾರಣ ಕೇಳಿದರೆ ಸರಳ. ಹೊಸ ಜೈಲಿನ ಒಳ್ಳೆಯ ಹುದ್ದೆಗಳು ಬೇರೆ ಜೈಲುಗಳಿಂದ ಸೀನಿಯಾರಿಟಿ ಮೇಲೆ ವರ್ಗವಾಗಿ ಬಂದವರಿಗೆ ಹೋಗುತ್ತವೆ. ಅವರಲ್ಲಿ ಎಷ್ಟೋ ಜನ ದೂರದ ದೊಡ್ಡ ಊರಿನಲ್ಲಿ ಮನೆ ಮಾಡಿ ದಿನಾ ಓಡಾಡುತ್ತಾರೆ. ಅಕ್ಕಿ, ಬೇಳೆ, ಸೋಪು ಎಲ್ಲ ರಾಜ್ಯದ ದೊಡ್ಡ ಟೆಂಡರ್‌ನಲ್ಲಿ ಬರುತ್ತದೆ, ಊರಿನ ಅಂಗಡಿಯಿಂದ ಅಲ್ಲ. ಸರ್ಕಾರಿ ಜಾಗ ಆದ್ದರಿಂದ ಆಸ್ತಿ ತೆರಿಗೆ ಇಲ್ಲ. ಪಾರ್ಕ್ ಗುಡಿಸುವ, ಕಸ ತೆಗೆಯುವ ಕೆಲಸಕ್ಕೆ ಕೈದಿಗಳ ತಂಡ ಬಂದರೆ, ಅದೇ ಕೆಲಸದಿಂದ ಮನೆ ನಡೆಸಬಹುದಾದ ಊರಿನ ಹುಡುಗನಿಗೆ ಜಾಗ ಇರುವುದಿಲ್ಲ.

ಇನ್ನೊಂದು ಸಂಗತಿ ಇದೆ. ಜನಗಣತಿಯಲ್ಲಿ ಕೈದಿಯನ್ನು ಎಣಿಸುವುದು ಅವನ ಮನೆ ಇರುವ ಊರಿನಲ್ಲಿ ಅಲ್ಲ, ಜೈಲಿರುವ ಊರಿನಲ್ಲಿ. ಆದರೆ ಮೇನ್, ವರ್ಮಾಂಟ್ ಬಿಟ್ಟು ಬೇರೆ ರಾಜ್ಯಗಳಲ್ಲಿ ಅವನಿಗೆ ಓಟಿಲ್ಲ. ಅಯೋವಾದ ಅನಮೋಸಾ ಊರಿನ ಒಂದು ವಾರ್ಡಿನಲ್ಲಿ ಸುಮಾರು 1,400 ಜನ, ಅದರಲ್ಲಿ ಸುಮಾರು 1,300 ಜನ ಕೈದಿಗಳು. 2005ರಲ್ಲಿ ಅಲ್ಲಿ ಒಬ್ಬರು ಎರಡೇ ಎರಡು ಓಟಿನಿಂದ ನಗರಸಭೆಗೆ ಆರಿಸಿ ಬಂದರು. ಒಂದು ಓಟು ಹೆಂಡತಿಯದು, ಇನ್ನೊಂದು ಪಕ್ಕದ ಮನೆಯವರದು. ಅವರು ತಾವಾಗಿ ನಿಂತಿರಲೂ ಇಲ್ಲ. ಕ್ಯಾಲಿಫೋರ್ನಿಯಾ ಈಗ ಕ್ಷೇತ್ರ ವಿಂಗಡಣೆಗೆ ಕೈದಿಗಳನ್ನು ಅವರ ಸ್ವಂತ ಊರಿಗೆ ಲೆಕ್ಕ ಹಾಕುತ್ತದೆ. ಆ ಅಜ್ಜಿಯ ಮಗ ಕಾಗದದ ಮೇಲಾದರೂ ಮನೆಗೆ ಬಂದ ಅಂತ ನಾನು ಅಂದುಕೊಂಡೆ.

ಸೂಸನ್‌ವಿಲ್‌ಗೆ ವಾಪಸ್ ಬರುತ್ತೇನೆ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದಾಗಲೇ, 2021ರ ಬೇಸಿಗೆಯಲ್ಲಿ, ಡಿಕ್ಸಿ ಅನ್ನುವ ಕಾಡ್ಗಿಚ್ಚು ಬಂತು. ಒಂಬತ್ತು ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಗ್ರೀನ್‌ವಿಲ್ ಅನ್ನುವ ಊರು ಬೂದಿಯಾಯಿತು. ಬೆಂಕಿ ಸೂಸನ್‌ವಿಲ್ ಹತ್ತಿರಕ್ಕೂ ಬಂತು. ಬೆಂಕಿ ಆರಿಸುವ ಕೈದಿಗಳ ತಂಡಗಳನ್ನು ತಯಾರು ಮಾಡುತ್ತಿದ್ದ ಜೈಲುಗಳಲ್ಲಿ ಸಿಸಿಸಿ ಮುಖ್ಯವಾದದ್ದು. ಕಿತ್ತಳೆ ಬಟ್ಟೆ ಹಾಕಿಕೊಂಡು, ಗುದ್ದಲಿ ಹಿಡಿದು, ಬೆಂಕಿ ಹರಡದ ಹಾಗೆ ಅದರ ಮುಂದೆ ಗಿಡ ಕಡಿದು, ನೆಲ ಕೆರೆದು ಗೆರೆ ಮಾಡುವ ಜನ ಅವರು. ಆಗ ಅವರಿಗೆ ಸಿಗುತ್ತಿದ್ದ ದಿನಗೂಲಿ ಹೆಚ್ಚೆಂದರೆ ಐದು ಡಾಲರ್‌ನಷ್ಟು, ಬೆಂಕಿಯ ಮುಂದೆ ನಿಂತಾಗ ಗಂಟೆಗೊಂದು ಡಾಲರ್ ಜಾಸ್ತಿ. ಶಿಕ್ಷೆಯಾಗಿ ಬಲವಂತದ ದುಡಿಮೆ ಬೇಡ ಎನ್ನುವ ತಿದ್ದುಪಡಿಯನ್ನು 2024ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಇಟ್ಟರು. ಸೋತಿತು. ನಮ್ಮ ಬೀದಿಯಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ. ಎಲ್ಲರ ಮನೆಯ ಮುಂದೆಯೂ ನಂಬರ್ ಪ್ಲೇಟ್ ಇರುವ ಕಾರು ನಿಂತಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಕೇಸ್ ಬಿದ್ದುಹೋಯಿತು. 2023ರ ಜೂನ್‌ನಲ್ಲಿ ಸಿಸಿಸಿ ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾವು ಮತ್ತೆ ಆ ಕಡೆ ಹೋದೆವು. ಅದೇ ಮೋಟೆಲ್. ಶುಕ್ರವಾರ, ಆದರೂ ರೂಮ್ ಸುಲಭವಾಗಿ ಸಿಕ್ಕಿತು. ಹೈ ಡೆಸರ್ಟ್ ಇನ್ನೂ ನಡೆಯುತ್ತಿರುವುದರಿಂದ ಉಸಿರಾಡುತ್ತಿದ್ದೇವೆ ಅಂದರು ಮೋಟೆಲ್‌ನಾಕೆ. ಅವರ ಮಗನ ಕ್ಲಾಸಿನಿಂದ ನಾಲ್ಕು ಮಕ್ಕಳು ಊರು ಬಿಟ್ಟಿದ್ದರು. ಅಪ್ಪ ಅಮ್ಮನಿಗೆ ಬೇರೆ ಜೈಲಿಗೆ ವರ್ಗ. ಇಲ್ಲಿ ಸರ್ಕಾರಿ ಸ್ಕೂಲಿಗೆ ದುಡ್ಡು ಬರುವುದು ಮಕ್ಕಳ ಹಾಜರಿಯ ಮೇಲೆ. ಮಕ್ಕಳು ಕಡಿಮೆಯಾದರೆ ದುಡ್ಡು ಕಡಿಮೆ, ಆಮೇಲೆ ಟೀಚರ್ ಕಡಿಮೆ.

ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಒಬ್ಬ ಹಿರಿಯರ ಪಕ್ಕ ಕೂತೆ. ಅವರ ಅಪ್ಪ ಮರದ ಮಿಲ್ಲಿನಲ್ಲಿದ್ದವರು. ಇವರು ಇಪ್ಪತ್ತೆರಡು ವರ್ಷ ಸಿಸಿಸಿಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಗಣಿಯ ಊರಿನಿಂದ ಬಂದವಳು ನಾನು ಅಂದಾಗ ಮಾತು ಬಿಚ್ಚಿದರು. ಮೊದಲ ಸಂಬಳದಲ್ಲಿ ಅಪ್ಪನಿಗೆ ಬೂಟ್ಸ್ ಕೊಡಿಸಿದ್ದು. ಮಕ್ಕಳಿಬ್ಬರನ್ನೂ ಕಾಲೇಜಿಗೆ ಕಳಿಸಿದ್ದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಯಾವ ಹೋಟೆಲಿಗೆ ಹೋದರೂ ಬಾಗಿಲು ಕಾಣುವ ಹಾಗೆಯೇ ಕೂರುವುದು ಅಂದರು. ಆಗಲೂ ಹಾಗೇ ಕೂತಿದ್ದರು. "ಮನೆಯಲ್ಲಿ ಹೆಂಡತಿ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಡುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು" ಅಂದರು. "ಇಡಬೇಡ ಅಂತ ನಾನು ಯಾವತ್ತೂ ಹೇಳಲಿಲ್ಲ. ಅವಳಿಗೇ ಗೊತ್ತಾಯಿತು."

ಜೈಲು ಮುಚ್ಚಿದ್ದಕ್ಕೆ ಅವರಿಗೆ ಸಿಟ್ಟಿತ್ತು. ಊರಿಗೆ ಬೇರೆ ಏನನ್ನಾದರೂ ಕೊಟ್ಟು ಆಮೇಲೆ ಮುಚ್ಚಬಹುದಿತ್ತು ಅನ್ನುವ ಸಿಟ್ಟು. ಆ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ರಾಜ್ಯದ ಕೈದಿಗಳ ಸಂಖ್ಯೆ 2006ರಲ್ಲಿ 1,73,000ದವರೆಗೆ ಹೋಗಿತ್ತು. ಜೈಲುಗಳು ಎಷ್ಟು ತುಂಬಿದ್ದವು ಅಂದರೆ 2011ರಲ್ಲಿ ಸುಪ್ರೀಂ ಕೋರ್ಟೇ ಜನರನ್ನು ಕಡಿಮೆ ಮಾಡಿ ಅಂದಿತು. ಈಗ ಒಂದು ಲಕ್ಷಕ್ಕಿಂತ ಕೆಳಗೆ ಬಂದಿದೆ. ಇದು ಸಂತೋಷದ ಸುದ್ದಿ, ಮನಸ್ಸಾರೆ ಹೇಳುತ್ತೇನೆ. ಬ್ಲೈತ್ ಅನ್ನುವ ಮರುಭೂಮಿಯ ಊರಿನ ಒಂದು ಜೈಲೂ 2024ರಲ್ಲಿ ಮುಚ್ಚಿತು. ಆದರೆ ಜೈಲು ಕಟ್ಟುವಾಗ ಊರಿಗೆ ಹೇಳಿದ ಮಾತಿಗೆ ಮುಚ್ಚುವಾಗ ಯಾರೂ ಹೊಣೆಯಾಗುವುದಿಲ್ಲ.

ಆ ವಾರ ಮಾವನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವರಿಗೀಗ ಎಪ್ಪತ್ತೈದು. ಮಿಲ್ಲಿನ ಕಥೆ, ಕೋರ್ಟಿನ ಕಥೆ, ಸ್ಕೂಲಿನ ಕಥೆ ಎಲ್ಲ ಕೇಳಿಸಿಕೊಂಡರು. ಊರವರು ಈಗ ಕೆಲಸಕ್ಕೆ ಎಷ್ಟು ದೂರ ಹೋಗಬೇಕು ಅಂದರು. ರೀನೋ ಅಂತ ಒಂದು ಊರಿದೆ, ಸುಮಾರು 140 ಕಿಲೋಮೀಟರ್ ಅಂದೆ. ರೈಲಿದೆಯಾ ಅಂದರು. ಇಲ್ಲ ಅಂದೆ.

ಆಮೇಲೆ ಕೇಳಿದರು. "ಅಲ್ಲಮ್ಮ, ಜೈಲು ಮುಚ್ಚಿದ್ರಲ್ಲ. ಒಳಗಿದ್ದೋರೆಲ್ಲ ಮನೆಗೆ ಹೋದ್ರಾ?"

ಇಷ್ಟು ದಿನ ಇದರ ಬಗ್ಗೆ ಓದಿದ್ದೆ, ಆ ಊರಿಗೆ ಎರಡು ಸಲ ಹೋಗಿದ್ದೆ. ನಾನು ಯಾರಿಗೂ ಈ ಪ್ರಶ್ನೆ ಕೇಳಿರಲಿಲ್ಲ.

"ಇಲ್ಲ ಮಾವ. ಬೇರೆ ಬೇರೆ ಜೈಲುಗಳಿಗೆ ಕಳಿಸಿದರು" ಅಂದೆ.

"ಮನೆ ಹತ್ತಿರದ್ದಕ್ಕಾ, ದೂರದ್ದಕ್ಕಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಅಜ್ಜಿಯ ಮಗ ಯಾವ ಜೈಲಿನಲ್ಲಿದ್ದ ಅಂತಲೂ ಅವತ್ತು ಕೇಳಿರಲಿಲ್ಲ. ಫೋನಿನ ಆ ಕಡೆ ಅತ್ತೆ ಊಟಕ್ಕೆ ಕರೆಯುತ್ತಿದ್ದರು.